ಹೊತ್ತು ತಪ್ಪಿದ ಮನಸ್ಸಿಗೆ ಹೊತ್ತೇ ಮದ್ದು

ಉಪ್ಪಿನಂಗಡಿ ಸೀಮೆಯ ಅಡಿಕೆ ತೋಟಗಳ ಬದುವಿನಲ್ಲಿ ಕಿತ್ತಷ್ಟೂ ಹಬ್ಬುವ ಕಳೆಯೊಂದಿದೆ, ನಾಚಿಕೆಮುಳ್ಳು. ಮುಟ್ಟಿದರೆ ಅದು ಮುದುಡುವುದು ಎಲ್ಲರಿಗೂ ಗೊತ್ತು. ಮುಟ್ಟದೆ ಬಿಟ್ಟರೂ ಹೊತ್ತು ಕಂತುವ ವೇಳೆಗೆ ಅದರ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ, ಬೆಳಗಾಗುವಾಗ ಮತ್ತೆ ಬಿಚ್ಚಿಕೊಳ್ಳುತ್ತವೆ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಝಾನ್ ಝಾಕ್ ದ ಮೆರಾನ್ ಇಂಥದೊಂದು ಗಿಡವನ್ನು ಬೆಳಕೇ ಬಾರದ ಕಡೆ ಇಟ್ಟು ನೋಡಿದರು. ಸೂರ್ಯನನ್ನು ಕಾಣದೆಯೂ ಗಿಡ ಹಗಲಿನ ವೇಳೆಗೆ ಎಲೆ ಬಿಚ್ಚಿತು, ರಾತ್ರಿಯ ವೇಳೆಗೆ ಮಡಚಿತು. ಹೊರಗಿನ ಹೊತ್ತನ್ನು ಜೀವಿ ತನ್ನೊಳಗೂ ಇಟ್ಟುಕೊಂಡಿರುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಸಿಕ್ಕ ಮೊದಲ ಪುರಾವೆ ಅದು. ಕನ್ನಡದ ಕಿವಿಗೆ ಈ ತಿಳಿವು ಹೊಸದಾಗಿ ಕೇಳಿಸಬಾರದು. ನಮ್ಮಲ್ಲಿ ಸೂರ್ಯನಿಗೂ ಕಾಲಕ್ಕೂ ಒಂದೇ ಮಾತು: ಹೊತ್ತು ಮೂಡುತ್ತದೆ, ಹೊತ್ತು ಮುಳುಗುತ್ತದೆ, ಹೊತ್ತು ಹೋಗುತ್ತದೆ. ಈ ಊರಿನ ತುಳುವಿನಲ್ಲೂ ಪೊರ್ತು ಎಂದರೆ ಎರಡೂ ಹೌದು. ಖಿನ್ನತೆಗೆ ಬಿದ್ದವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ಕೂಡ "ಹೊತ್ತೇ ಹೋಗುವುದಿಲ್ಲ" ಎಂಬುದೇ.

ಜೈವಿಕ ಗಡಿಯಾರ, ಮೆಲಟೋನಿನ್ ಮತ್ತು ಖಿನ್ನತೆಯ ಚಿಕಿತ್ಸೆ, ಈ ಮೂರರ ಬಗ್ಗೆ ಕಳೆದ ಹಲವು ದಶಕಗಳಲ್ಲಿ ನಡೆದ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ದೇಹದೊಳಗಿನ ಹೊತ್ತು ಕೆಡುವುದು ಖಿನ್ನತೆಯ ಬರಿಯ ಲಕ್ಷಣವಲ್ಲ, ಅದು ಕಾಯಿಲೆಯನ್ನು ಹಿಡಿದಿಡುವ ಕೊಂಡಿಗಳಲ್ಲಿ ಒಂದು. ಆ ಕೊಂಡಿಯನ್ನು ಸಡಿಲಿಸುವ ಶಕ್ತಿ ಹೆಚ್ಚಾಗಿ ಕಂಡದ್ದು ಬೆಳಕಿನಲ್ಲಿ, ಕತ್ತಲಲ್ಲಿ ಮತ್ತು ನಿಯಮಿತ ದಿನಚರಿಯಲ್ಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಮೆಲಟೋನಿನ್ ಮಾತ್ರೆಯಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಮಾತ್ರೆಗೆ ಸಿಕ್ಕ ಪ್ರಚಾರ ಬೆಳಕಿಗೆ ಸಿಗಲಿಲ್ಲ, ಏಕೆಂದರೆ ಬೆಳಗಿನ ಬಿಸಿಲನ್ನು ಸೀಸೆಯಲ್ಲಿ ತುಂಬಿ ಮಾರಲು ಬರುವುದಿಲ್ಲ. ನೇತ್ರಾವತಿ ಕುಮಾರಧಾರಾ ಕೂಡುವ ಈ ಬಿಸಿಲಿನ, ಮಳೆಯ ಊರಿಗೂ ಆ ಸಂಶೋಧನೆ ನೇರವಾಗಿ ಸಂಬಂಧಿಸಿದ್ದು ಎಂಬುದು ಇಲ್ಲಿನ ವಾದ.

ಮೊದಲು ಗಡಿಯಾರದ ಮಾತು. 1959ರಲ್ಲಿ ಫ್ರಾಂಜ್ ಹಾಲ್ಬರ್ಗ್ ಈ ಒಳಲಯಕ್ಕೆ ಸರ್ಕೇಡಿಯನ್ ಎಂದು ಹೆಸರಿಟ್ಟರು. ಸುಮಾರು ಒಂದು ದಿನದ್ದು ಎಂದು ಅದರ ಅರ್ಥ. 'ಸುಮಾರು' ಎಂಬ ಮಾತಿಗೆ ಇಲ್ಲಿ ತೂಕವಿದೆ. ಜರ್ಮನಿಯ ಯುರ್ಗೆನ್ ಆಶೋಫ್ 1960ರ ದಶಕದಲ್ಲಿ ಆಂಡೆಕ್ಸ್ ಎಂಬಲ್ಲಿ ನೆಲದಡಿಯ ಕೋಣೆ ಕಟ್ಟಿಸಿ, ಗಡಿಯಾರವೂ ಸೂರ್ಯನೂ ಇಲ್ಲದೆ ವಾರಗಟ್ಟಲೆ ಮನುಷ್ಯರನ್ನು ಇರಿಸಿದಾಗ ಅವರ ನಿದ್ದೆ, ಎಚ್ಚರ, ಮೈಬಿಸಿಯ ಏರಿಳಿತ ನಿಲ್ಲಲಿಲ್ಲ, ದಿನದಿನವೂ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತ ಹೋಯಿತು. 1999ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಝೈಸ್ಲರ್ ತಂಡ ಇನ್ನೂ ನಿಖರವಾಗಿ ಅಳೆದು, ಮನುಷ್ಯನ ಒಳದಿನ ಸರಾಸರಿ 24 ಗಂಟೆ 11 ನಿಮಿಷ ಎಂದಿತು. ಭಾರತದಲ್ಲಿ ಈ ವಿಜ್ಞಾನವನ್ನು ಬೆಳೆಸಿದವರು ಎಂ.ಕೆ. ಚಂದ್ರಶೇಖರನ್. ಅವರು ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಆಶೋಫ್ ಕಟ್ಟಿಸಿದಂಥದೇ ಒಂದು ಪ್ರತ್ಯೇಕ ಕೋಣೆಯನ್ನು ಕಟ್ಟಿಸಿ ಮನುಷ್ಯರ ಲಯವನ್ನು ಅಳೆದರು, ಮುಂದೆ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕಾಲಜೀವಶಾಸ್ತ್ರದ ನೆಲೆ ಕಟ್ಟಿದರು. ಹಣ್ಣು ನೊಣಗಳಲ್ಲಿ ಗಡಿಯಾರದ ವಂಶವಾಹಿಗಳು ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಮನುಷ್ಯನಲ್ಲಿ ಮುಖ್ಯ ಗಡಿಯಾರವಿರುವುದು ಮಿದುಳಿನ ಬುಡದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿನಲ್ಲಿ. ಅದು ನಿತ್ಯ ಹತ್ತು ಹನ್ನೊಂದು ನಿಮಿಷ ಹಿಂದೆ ಬೀಳದಂತೆ ಸರಿಪಡಿಸುವುದು ಬೆಳಗಿನ ಬೆಳಕು. ಕಣ್ಣಿನ ಪರದೆಯಲ್ಲಿ ಆಕಾರ ಕಾಣಿಸುವ ಕೋಶಗಳಲ್ಲದೆ, ಬೆಳಗು ಬೈಗನ್ನು ಅರಿಯುವ ಬೇರೆಯೇ ಕೋಶಗಳಿವೆ ಎಂದು ಗೊತ್ತಾದದ್ದು 2002ರ ಆಸುಪಾಸಿನಲ್ಲಿ. ಆಕಾಶದ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ.

ಈ ಗಡಿಯಾರ ಮೈಗೆಲ್ಲ ಸಾರುವ ರಾತ್ರಿಯ ಸುದ್ದಿಯೇ ಮೆಲಟೋನಿನ್. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞ ಏರನ್ ಲರ್ನರ್ ಸಾವಿರಾರು ದನಗಳ ಮಿದುಳಿನ ಪೀನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿದರು. ಅವರು ಹುಡುಕುತ್ತಿದ್ದುದು ಕಪ್ಪೆಯ ಚರ್ಮವನ್ನು ಬಿಳಿಚಿಸುವ ವಸ್ತುವನ್ನು, ನಿದ್ದೆಯ ಮದ್ದನ್ನಲ್ಲ. ನಾವು ಮಲಗುವ ಸುಮಾರು ಎರಡು ಗಂಟೆ ಮೊದಲು ರಕ್ತದಲ್ಲಿ ಅದರ ಪ್ರಮಾಣ ಏರತೊಡಗುತ್ತದೆ, ನಡುರಾತ್ರಿ ದಾಟಿದ ಮೇಲೆ ತುದಿ ಮುಟ್ಟುತ್ತದೆ, ಬೆಳಕು ಹರಿಯುವಾಗ ಇಳಿದುಹೋಗುತ್ತದೆ. ಇದನ್ನು ನಿದ್ದೆಯ ಹಾರ್ಮೋನು ಎಂದು ಕರೆಯುವುದು ರೂಢಿಯಾಗಿದೆ, ಆದರೆ ಆ ಹೆಸರು ದಾರಿ ತಪ್ಪಿಸುತ್ತದೆ. ಕತ್ತಲಾದ ಮೇಲೆ ಎಚ್ಚೆತ್ತು ಓಡಾಡುವ ಇಲಿ, ಹೆಗ್ಗಣಗಳಲ್ಲೂ ಮೆಲಟೋನಿನ್ ಏರುವುದು ರಾತ್ರಿಯೇ. ಹಾಗಾಗಿ ಅದು ಹೇಳುವುದು "ಮಲಗು" ಎಂದಲ್ಲ, "ರಾತ್ರಿಯಾಯಿತು" ಎಂದು. ರಾತ್ರಿಯಲ್ಲಿ ಏನು ಮಾಡಬೇಕೆಂಬುದನ್ನು ಆಯಾ ಜೀವಿಯ ಮೈ ನಿರ್ಧರಿಸುತ್ತದೆ. ಈ ಸುದ್ದಿಯನ್ನು ಅಳಿಸಿಹಾಕಲು ಹೆಚ್ಚು ಬೆಳಕೇನೂ ಬೇಡ. 2011ರಲ್ಲಿ ಪ್ರಕಟವಾದ ಜೋಶುವಾ ಗೂಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಮಲಗುವ ಮೊದಲು 200 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಕಡಿಮೆಯ ಸಾಮಾನ್ಯ ಮನೆ ಬೆಳಕಿನಲ್ಲಿ ಕುಳಿತವರಲ್ಲೂ ಮೆಲಟೋನಿನ್ ತಡವಾಗಿ ಏರಿತು. ಅದು ರಕ್ತದಲ್ಲಿ ಉಳಿಯುವ ಅವಧಿ ಸುಮಾರು 90 ನಿಮಿಷ ಕಡಿಮೆಯಾಯಿತು.

ಖಿನ್ನತೆಯ ಕಡೆಗೆ ಬರೋಣ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಯ ಕಾಯಿಲೆಗೆ ಬಿದ್ದಿರುತ್ತಾರೆ. ಸಮೀಕ್ಷೆಯ ಹೊತ್ತಿನಲ್ಲಿ ಅದರಿಂದ ನರಳುತ್ತಿದ್ದವರು ಶೇಕಡ 2.7. ಅವರಲ್ಲಿ ಸುಮಾರು ಶೇಕಡ 85 ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಈ ಕಾಯಿಲೆಯ ಚಹರೆಯನ್ನು ಹತ್ತಿರದಿಂದ ನೋಡಿದರೆ ಅದು ಹೊತ್ತಿನ ಕಾಯಿಲೆಯಂತೆಯೇ ಕಾಣುತ್ತದೆ. ಬೆಳಗಿನ ಜಾವ ಮೂರು ಮೂರೂವರೆಗೆ, ಕೋಳಿ ಕೂಗುವ ಮೊದಲೇ ಎಚ್ಚರ. ಮತ್ತೆ ಕಣ್ಣು ಮುಚ್ಚಿದರೆ ನಿದ್ದೆ ಇಲ್ಲ. ಮನೆಯವರೆಲ್ಲ ಮಲಗಿರುವಾಗ ಹೆಂಚಿನ ಮಾಡಿನ ಪಕ್ಕಾಸುಗಳನ್ನು ನೋಡುತ್ತ ಬಿದ್ದುಕೊಂಡಿರುವುದು. ಬೆಳಗಾದರೆ ಎದ್ದು ಮುಖ ತೊಳೆಯುವುದೂ ಬೆಟ್ಟದಷ್ಟು ಕೆಲಸ. ಬೈಗಾಗುತ್ತ ಮನಸ್ಸು ಸ್ವಲ್ಪ ಹಗುರ, ನಾಲ್ಕು ಮಾತು, ಎರಡು ತುತ್ತು ಊಟ. ನಾಳೆ ಬೆಳಗ್ಗೆ ಮತ್ತೆ ಅದೇ. ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ ಎಂಬ ಈ ಏರಿಳಿತವನ್ನು ಮನೋವೈದ್ಯರು ತೀವ್ರ ಖಿನ್ನತೆಯ ಗುರುತು ಎಂದು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಇನ್ನು ಕೆಲವರಲ್ಲಿ, ಹೆಚ್ಚಾಗಿ ಹರೆಯದವರಲ್ಲಿ, ಇದು ತಿರುಗುಮುರುಗು: ರಾತ್ರಿ ಎರಡಾದರೂ ನಿದ್ದೆ ಬಾರದು, ಹಗಲು ಹನ್ನೊಂದಾದರೂ ಏಳಲಾಗದು. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ತೀರಿಕೊಂಡವರ ಮಿದುಳುಗಳನ್ನು ಸಾವಿನ ಗಂಟೆಗೆ ಅನುಸಾರವಾಗಿ ಜೋಡಿಸಿ ಪರೀಕ್ಷಿಸಿದರು. ಆರೋಗ್ಯವಂತರಾಗಿದ್ದವರ ಮಿದುಳಿನಲ್ಲಿ ಗಡಿಯಾರದ ವಂಶವಾಹಿಗಳು ದಿನದ ಹೊತ್ತಿಗೆ ತಕ್ಕಂತೆ ಅಲೆಯಾಗಿ ಏರಿಳಿಯುತ್ತಿದ್ದವು. ಖಿನ್ನತೆಯಿದ್ದವರಲ್ಲಿ ಆ ಅಲೆ ಕುಗ್ಗಿತ್ತು, ಕದಡಿತ್ತು.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಮತ್ತು ಅದು ನ್ಯಾಯವಾದದ್ದೇ. ಮನಸ್ಸು ಕೆಟ್ಟವರಿಗೆ ನಿದ್ದೆ ಕೆಡುವುದು ಸಹಜ. ಹಾಗಿರುವಾಗ ಕೆಟ್ಟ ಗಡಿಯಾರವನ್ನು ಕಾರಣವೆನ್ನುವುದು ಹೊಗೆಯೇ ಬೆಂಕಿ ಹೊತ್ತಿಸಿತು ಎಂದಂತೆ ಆಗಲಾರದೇ? ಜನರನ್ನು ಒಮ್ಮೆ ಎಣಿಸಿ ನೋಡುವ ಸಮೀಕ್ಷೆಗಳಿಂದ ಈ ಪ್ರಶ್ನೆಗೆ ಉತ್ತರ ಸಿಗದು ಎಂಬುದು ನಿಜ. ಬ್ರಿಟನ್ನಿನಲ್ಲಿ 91,000 ಮಂದಿಯ ಮಣಿಕಟ್ಟಿಗೆ ಚಲನೆ ಅಳೆಯುವ ಯಂತ್ರ ಕಟ್ಟಿ ಮಾಡಿದ 2018ರ ಅಧ್ಯಯನ, ಹಗಲಿನ ಚಟುವಟಿಕೆಗೂ ರಾತ್ರಿಯ ವಿಶ್ರಾಂತಿಗೂ ಅಂತರ ಕಡಿಮೆಯಿದ್ದವರಲ್ಲಿ ಖಿನ್ನತೆ ಹೆಚ್ಚು ಎಂದಿತು. ಅಲ್ಲಿಯದೇ 86,000ಕ್ಕೂ ಹೆಚ್ಚು ಮಂದಿಯ 2023ರ ಅಧ್ಯಯನ, ರಾತ್ರಿ ಹೆಚ್ಚು ಬೆಳಕಿನಲ್ಲಿರುವವರಲ್ಲಿ ಖಿನ್ನತೆ ಹೆಚ್ಚೆಂದೂ ಹಗಲು ಹೆಚ್ಚು ಬೆಳಕು ಕಾಣುವವರಲ್ಲಿ ಕಡಿಮೆಯೆಂದೂ ತೋರಿಸಿತು. ಎರಡೂ ಸಂಬಂಧವನ್ನು ತೋರಿಸುತ್ತವೆ, ದಿಕ್ಕನ್ನು ಹೇಳುವುದಿಲ್ಲ. ದಿಕ್ಕಿನ ಸುಳಿವು ಬೇರೆ ಎರಡು ಕಡೆಯಿಂದ ಸಿಗುತ್ತದೆ. ಬೇಗ ಏಳುವ ಗುಣ ಸ್ವಲ್ಪಮಟ್ಟಿಗೆ ಹುಟ್ಟಿನಿಂದಲೇ ಬರುವಂಥದು. ಕಾಯಿಲೆ ಬಂದ ಮೇಲೆ ವಂಶವಾಹಿ ಬದಲಾಗುವುದಿಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಹಿಡಿದು ಲೆಕ್ಕ ಹಾಕಿದ 2021ರ ಅಧ್ಯಯನವೊಂದು, ನಿದ್ದೆಯ ನಡುಬಿಂದು ಒಂದು ಗಂಟೆ ಮುಂಚಿತವಾಗಿದ್ದವರಲ್ಲಿ ಖಿನ್ನತೆಯ ಸಾಧ್ಯತೆ ಶೇಕಡ 23ರಷ್ಟು ಕಡಿಮೆ ಎಂದು ಅಂದಾಜಿಸಿತು. ಎರಡನೆಯ ಸುಳಿವು ಇನ್ನೂ ಗಟ್ಟಿ: ಗಡಿಯಾರವನ್ನೇ ಮುಟ್ಟಿ ಸರಿಸಿದಾಗ ಮನಸ್ಸು ಬದಲಾಗುತ್ತದೆಯೇ ಎಂಬ ನೇರ ಪರೀಕ್ಷೆ.

ಆ ಪರೀಕ್ಷೆಯ ಕಥೆ 1980ರಲ್ಲಿ ಶುರುವಾಗುತ್ತದೆ. ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು 2,500 ಲಕ್ಸ್‌ನ ಪ್ರಖರ ಬೆಳಕು ಮನುಷ್ಯನಲ್ಲೂ ಮೆಲಟೋನಿನ್ ಅನ್ನು ತಡೆಯುತ್ತದೆ ಎಂದು ತೋರಿಸಿದರು. 1984ರಲ್ಲಿ ನಾರ್ಮನ್ ರೋಸೆಂಥಾಲ್ ತಂಡ ಚಳಿಗಾಲದಲ್ಲಿ ಮಾತ್ರ ಬಂದುಹೋಗುವ ಖಿನ್ನತೆಯನ್ನು ವಿವರಿಸಿ, ಅದಕ್ಕೆ ಬೆಳಕನ್ನೇ ಚಿಕಿತ್ಸೆಯಾಗಿ ಕೊಟ್ಟಿತು. ಕಾಲಕ್ರಮದಲ್ಲಿ ಬೆಳಗ್ಗೆ ಎದ್ದ ಕೂಡಲೆ 10,000 ಲಕ್ಸ್ ಬೆಳಕಿನ ಮುಂದೆ ಅರ್ಧ ಗಂಟೆ ಕೂರುವುದು ಸ್ಥಿರವಾದ ಕ್ರಮವಾಯಿತು. ಚಳಿಗಾಲಕ್ಕೆ ಸಂಬಂಧವಿಲ್ಲದ ಸಾಮಾನ್ಯ ಖಿನ್ನತೆಗೆ ಇದು ನಾಟುತ್ತದೆಯೇ ಎಂಬುದನ್ನು ಕೆನಡಾದ ರೇಮಂಡ್ ಲ್ಯಾಮ್ ತಂಡ 122 ರೋಗಿಗಳಲ್ಲಿ ಎಂಟು ವಾರ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು. ಬೆಳಕು ಮತ್ತು ಫ್ಲೂಕ್ಸೆಟಿನ್ ಮಾತ್ರೆ ಎರಡನ್ನೂ ಪಡೆದವರಲ್ಲಿ ಶೇಕಡ 58.6 ಮಂದಿ ಪೂರ್ಣ ಚೇತರಿಸಿಕೊಂಡರು; ಬೆಳಕು ಮಾತ್ರ ಪಡೆದವರಲ್ಲಿ 43.8, ಹುಸಿ ಚಿಕಿತ್ಸೆ ಪಡೆದವರಲ್ಲಿ 30, ಮಾತ್ರೆ ಮಾತ್ರ ನುಂಗಿದವರಲ್ಲಿ 19.4. ಹೆಸರಾಂತ ಮಾತ್ರೆಯೊಂದು ಹುಸಿ ಚಿಕಿತ್ಸೆಗಿಂತಲೂ ಹಿಂದೆ ಬಿದ್ದಿರುವುದೇ ಗುಂಪುಗಳು ಚಿಕ್ಕವಾಗಿದ್ದವು ಎಂದು ಎಚ್ಚರಿಸುತ್ತದೆ. ಹಾಗಾಗಿ ಈ ಅಂಕಿಗಳನ್ನು ಹಿಡಿದು ಮಾತ್ರೆ ಬಿಡಿ ಎನ್ನುವುದು ತಪ್ಪು. ಎರಡನ್ನೂ ಜೊತೆಗೆ ಕೊಟ್ಟಾಗ ಫಲ ಹೆಚ್ಚು ಎಂಬುದೇ ಇದರಿಂದ ಕಲಿಯಬೇಕಾದ ಪಾಠ. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯಲ್ಲಿ ಬೆಳಗಿನ ಪ್ರಖರ ಬೆಳಕು ಕೆಲವರನ್ನು ಉನ್ಮಾದಕ್ಕೆ ತಳ್ಳಬಹುದು. ಅಂಥವರಿಗೆ ನಡುಹಗಲಿನ ಬೆಳಕು ಕೊಟ್ಟ 2018ರ ಪರೀಕ್ಷೆಯಲ್ಲಿ ಶೇಕಡ 68 ಮಂದಿ ಚೇತರಿಸಿಕೊಂಡರು, ಮಂದ ಬೆಳಕಿನ ಗುಂಪಿನಲ್ಲಿ ಶೇಕಡ 22. ಯಂತ್ರದ ಬೆಳಕೇ ಆಗಬೇಕೆಂದೂ ಇಲ್ಲ. ಇಟಲಿಯ ಮಿಲಾನ್ ಆಸ್ಪತ್ರೆಯಲ್ಲಿ ಫ್ರಾನ್ಸೆಸ್ಕೊ ಬೆನೆಡೆಟ್ಟಿ ಹಳೆಯ ದಾಖಲೆ ತೆಗೆದು ನೋಡಿದಾಗ, ಪೂರ್ವ ದಿಕ್ಕಿನ ಕೋಣೆಗಳಲ್ಲಿದ್ದ ಬೈಪೋಲಾರ್ ಖಿನ್ನತೆಯ ರೋಗಿಗಳು ಪಶ್ಚಿಮದ ಕೋಣೆಯವರಿಗಿಂತ ಸರಾಸರಿ 3.67 ದಿನ ಮೊದಲೇ ಮನೆಗೆ ಹೋಗಿದ್ದರು. 2001ರ ಆ ವರದಿಯಲ್ಲಿ ಮದ್ದೆಂದರೆ ಕಿಟಕಿಯಿಂದ ಬಂದ ಎಳೆಬಿಸಿಲು.

ಇನ್ನೂ ಬೆರಗಿನ ಪುರಾವೆ ನಿದ್ದೆಗೆಡುವುದರಿಂದ ಬಂದದ್ದು. 1971ರಲ್ಲಿ ಜರ್ಮನಿಯ ಪ್ಫ್ಲೂಗ್ ಮತ್ತು ಟೋಲೆ, ತೀವ್ರ ಖಿನ್ನತೆಯ ರೋಗಿಗಳನ್ನು ಒಂದಿಡೀ ರಾತ್ರಿ ಎಚ್ಚರವಾಗಿರಿಸಿದರೆ ಮರುದಿನವೇ ಹಲವರ ಮನಸ್ಸು ಹಗುರಾಗುತ್ತದೆ ಎಂದು ವರದಿ ಮಾಡಿದರು. 1990ರಲ್ಲಿ ವೂ ಮತ್ತು ಬನ್ನಿ ಅಲ್ಲಿಯವರೆಗಿನ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಶೇಕಡ 59 ಮಂದಿಯಲ್ಲಿ ಸುಧಾರಣೆ ಕಂಡಿತ್ತು. ವಾರಗಟ್ಟಲೆ ಕಾಯಿಸುವ ಮಾತ್ರೆಗಳ ಮುಂದೆ ಒಂದೇ ರಾತ್ರಿಯಲ್ಲಿ ಇಷ್ಟು ಬದಲಾವಣೆ ಎಂದರೆ ಸಣ್ಣದಲ್ಲ. ಆದರೆ ಮಾತ್ರೆ ಇಲ್ಲದವರಲ್ಲಿ ಶೇಕಡ 83 ಮಂದಿ ಒಂದು ಗಡದ್ದು ನಿದ್ದೆಯಾದ ಮೇಲೆ ಹಿಂದಿನ ಸ್ಥಿತಿಗೇ ಮರಳಿದರು. ಲಿಥಿಯಂ, ಬೆಳಗಿನ ಬೆಳಕು, ಮಲಗುವ ವೇಳೆಯನ್ನು ಹಂತ ಹಂತವಾಗಿ ಸರಿಸುವುದು ಇವುಗಳನ್ನು ಸೇರಿಸಿದಾಗ ಆ ಸುಧಾರಣೆಯನ್ನು ಹೆಚ್ಚು ದಿನ ಉಳಿಸಿಕೊಳ್ಳಬಹುದು ಎಂದು ಮಿಲಾನ್ ತಂಡ ಮತ್ತು ಇತರರು ತೋರಿಸಿದ್ದಾರೆ. ಲಿಥಿಯಂ ಕೂಡ ಗಡಿಯಾರದ ಓಟವನ್ನು ನಿಧಾನಿಸುವ ವಸ್ತು ಎಂಬುದು ಇಲ್ಲಿ ಗಮನಿಸಬೇಕಾದ್ದು. ಇದನ್ನು ಓದಿ ಮನೆಯಲ್ಲಿ ಯಾರೂ ರೋಗಿಯನ್ನು ರಾತ್ರಿಯೆಲ್ಲ ಕೂರಿಸಬಾರದು. ಉನ್ಮಾದಕ್ಕೆ ತಿರುಗುವ ಅಪಾಯವಿದೆ, ವೈದ್ಯರ ಕಣ್ಣ ಮುಂದೆಯೇ ಇದು ನಡೆಯಬೇಕು. ವಾದಕ್ಕೆ ಬೇಕಾದ್ದು ಇಷ್ಟು: ಒಂದು ರಾತ್ರಿಯ ನಿದ್ದೆಯನ್ನು ಸರಿಸುವುದರಿಂದಲೇ ಖಿನ್ನತೆ ಮೇಲೇಳುತ್ತದೆ, ಮತ್ತೆ ಬೀಳುತ್ತದೆ ಎಂದಾದರೆ, ಹೊತ್ತು ಆ ಕಾಯಿಲೆಯ ಬಾಲವಲ್ಲ, ಅದರ ಬೆನ್ನುಮೂಳೆಯಲ್ಲೇ ಸೇರಿದೆ.

ಹಾಗಾದರೆ ರಾತ್ರಿಯ ಸುದ್ದಿಯಾದ ಮೆಲಟೋನಿನ್ ಅನ್ನೇ ಮಾತ್ರೆಯಾಗಿ ಕೊಟ್ಟರೆ ಸಾಕಲ್ಲ ಎಂದು ಯಾರಿಗೂ ಅನ್ನಿಸುತ್ತದೆ. ವಿಜ್ಞಾನಿಗಳಿಗೂ ಅನ್ನಿಸಿತ್ತು. 1976ರಲ್ಲಿ ಅಮೆರಿಕದಲ್ಲಿ ಕೆಲವೇ ರೋಗಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಅವರ ಖಿನ್ನತೆ ಹೆಚ್ಚಿತು. ಆಮೇಲಿನ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿದ ಪರಾಮರ್ಶೆಗಳಲ್ಲೂ ಮೆಲಟೋನಿನ್ ಖಿನ್ನತೆಯನ್ನು ವಾಸಿಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ನಿದ್ದೆಯ ಮಟ್ಟಿಗೂ ಅದರ ನೆರವು ಸಣ್ಣದು: 2013ರ ಪರಾಮರ್ಶೆಯ ಪ್ರಕಾರ ಸರಾಸರಿ ಏಳು ನಿಮಿಷ ಬೇಗ ನಿದ್ದೆ ಹತ್ತುತ್ತದೆ, ಒಟ್ಟು ನಿದ್ದೆ ಎಂಟು ನಿಮಿಷ ಹೆಚ್ಚುತ್ತದೆ. ಅದಕ್ಕೆ ನಿಜವಾದ ಕೆಲಸವಿರುವುದು ಗಡಿಯಾರ ಸರಿಸುವುದರಲ್ಲಿ. ಕಣ್ಣು ಕಾಣದೆ ಬೆಳಕಿನ ಸುಳಿವೇ ಸಿಗದವರಿಗೆ, ನಡುರಾತ್ರಿ ದಾಟದೆ ನಿದ್ದೆ ಬಾರದವರಿಗೆ ಸರಿಯಾದ ಗಂಟೆಯಲ್ಲಿ ಕೊಟ್ಟ ಅರ್ಧ ಮಿಲಿಗ್ರಾಂ ಕೂಡ ಸಾಕಾಗಬಹುದು. ತಪ್ಪು ಗಂಟೆಯಲ್ಲಿ ನುಂಗಿದ ಹತ್ತು ಮಿಲಿಗ್ರಾಂ ಗಡಿಯಾರವನ್ನು ಇನ್ನಷ್ಟು ಕೆಡಿಸಬಹುದು. ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು ದೊಡ್ಡ ಪ್ರಶ್ನೆಯಾಗಿರುವ ಮದ್ದನ್ನು ನಾವು ನಿದ್ದೆ ಮಾತ್ರೆಯೆಂದು ಕೊಳ್ಳುತ್ತಿದ್ದೇವೆ. ಅದರ ಒಳಗೆ ಏನಿದೆ ಎಂಬ ಭರವಸೆಯೂ ಇಲ್ಲ. ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಸರಕುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಚೀಟಿಯಲ್ಲಿ ಬರೆದದ್ದಕ್ಕಿಂತ ಶೇಕಡ 83 ಕಡಿಮೆಯಿದ್ದದ್ದೂ ಇತ್ತು, ಶೇಕಡ 478 ಹೆಚ್ಚಿದ್ದದ್ದೂ ಇತ್ತು. ಮೆಲಟೋನಿನ್‌ನ ಗ್ರಾಹಕಗಳನ್ನು ಪ್ರಚೋದಿಸುವ ಅಗೊಮೆಲಟಿನ್ ಎಂಬ ಖಿನ್ನತೆಯ ಔಷಧಿಗೆ 2009ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿತು, ಅದು ನಮ್ಮಲ್ಲೂ ಬಳಕೆಯಲ್ಲಿದೆ. ಅದರ ಫಲ ಉಳಿದ ಖಿನ್ನತೆ ನಿವಾರಕಗಳ ಸಾಲಿನಲ್ಲೇ ಇದೆ, ಯಕೃತ್ತಿನ ತಪಾಸಣೆ ಬೇಕಾಗುತ್ತದೆ, ಮತ್ತು ಅದು ಸೆರೊಟೋನಿನ್‌ನ ಒಂದು ಗ್ರಾಹಕವನ್ನೂ ತಡೆಯುವುದರಿಂದ ಗೆಲುವನ್ನೆಲ್ಲ ಮೆಲಟೋನಿನ್ ಖಾತೆಗೆ ಬರೆಯುವಂತಿಲ್ಲ.

ಎರಡನೆಯ ಆಕ್ಷೇಪ ನಮ್ಮ ಊರಿನದೇ. ಇದೆಲ್ಲ ಚಳಿಗಾಲದಲ್ಲಿ ಆರು ಗಂಟೆಯೂ ಬಿಸಿಲು ಕಾಣದ ಉತ್ತರದ ದೇಶಗಳ ಸಂಕಟ. ಉಪ್ಪಿನಂಗಡಿಗೆ ಇದರ ಗೊಡವೆ ಏನು? ಲೆಕ್ಕ ಹಾಕಿದರೆ ಆಕ್ಷೇಪ ಬಲವಾಗಿಯೇ ಇದೆ. ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿರುವ ಈ ಊರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಇನ್ನೂ ಮುಂದೆ ಹೋಗಿ, 34,000 ಅಮೆರಿಕನ್ನರ ಮಾಹಿತಿ ನೋಡಿದ 2016ರ ಅಧ್ಯಯನವೊಂದು ಅಲ್ಲಿಯ ಖಿನ್ನತೆಗೂ ಋತುವಿಗೂ ಅಕ್ಷಾಂಶಕ್ಕೂ ಸಂಬಂಧವೇ ಕಾಣದು ಎಂದಿತು. ಆದರೆ ಮೇಲೆ ಹೇಳಿದ ಲ್ಯಾಮ್‌ರ ಪರೀಕ್ಷೆ ಋತುವಿಗೆ ಸೇರದ ಖಿನ್ನತೆಯಲ್ಲೇ ನಡೆದದ್ದು. ಗಡಿಯಾರಕ್ಕೆ ಬೇಕಾದ್ದು ಹಗಲಿನ ಉದ್ದವಷ್ಟೇ ಅಲ್ಲ, ಹಗಲಿಗೂ ಇರುಳಿಗೂ ಇರುವ ವ್ಯತ್ಯಾಸ ಕೂಡ. ಅದನ್ನು ಕಣ್ಣು ಎಲ್ಲಿ ಕಾಣುತ್ತದೆ ಎಂಬುದೇ ಮುಖ್ಯ. ಬಯಲಿನ ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಮಳೆಗಾಲದ ಆಟಿ ತಿಂಗಳ ಮೋಡ ಕವಿದ ಹಗಲಲ್ಲೂ ಅಂಗಳದಲ್ಲಿ ಸಾವಿರಗಳ ಲೆಕ್ಕದಲ್ಲಿ ಬೆಳಕಿರುತ್ತದೆ. ಅದೇ ಹೊತ್ತಿಗೆ ಮನೆಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಇರುವುದು ನೂರು, ಇನ್ನೂರು. ಹಳೆಯ ಹೆಂಚಿನ ಮನೆಯ ಒಳಕೋಣೆಯೂ ಕತ್ತಲೆಯದೇ, ಒಂದೆರಡು ಕನ್ನಡಿ ಹೆಂಚಿನಿಂದ ಇಳಿದಷ್ಟೇ ಬೆಳಕು. ಆದರೆ ಬದುಕು ನಡೆಯುತ್ತಿದ್ದದ್ದು ಜಗಲಿಯಲ್ಲಿ, ಅಡಿಕೆ ಹರಡಿದ ಅಂಗಳದಲ್ಲಿ, ತೋಟದಲ್ಲಿ. ರಾತ್ರಿಯೆಂದರೆ ಚಿಮಿಣಿ ದೀಪದ ರಾತ್ರಿ. ಈಗ ಹಗಲು ಅಂಗಡಿ, ಬ್ಯಾಂಕು, ತರಗತಿಯೊಳಗೆ. ರಾತ್ರಿ ಎಲ್‌ಇಡಿ ಬಲ್ಬು ಮತ್ತು ಮುಖದ ಹತ್ತಿರವೇ ಹಿಡಿದ ಮೊಬೈಲು. ಹಗಲು ಮಬ್ಬಾಗಿದೆ, ಇರುಳು ಬೆಳಗಿದೆ. ಇದರ ಮೇಲೆ, ಭಾರತದ ಗಡಿಯಾರವನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿರುವುದರಿಂದ 75 ಡಿಗ್ರಿಯ ಸಮೀಪವಿರುವ ಇಲ್ಲಿ ಸೂರ್ಯ ಸರಾಸರಿ ಅರ್ಧ ಗಂಟೆ ತಡವಾಗಿ ನಡೆಯುತ್ತಾನೆ. ಜನವರಿಯಲ್ಲಿ ಹೊತ್ತು ಮೂಡುವುದು ಏಳು ಗಂಟೆಯ ಹತ್ತಿರ. ಬೆಳಗ್ಗೆ ಶಾಲೆಯ ವ್ಯಾನಿಗೆ ಓಡುವ ಮಗುವಿನ ಒಳಗಡಿಯಾರಕ್ಕೆ ಅದಿನ್ನೂ ರಾತ್ರಿಯೇ. ಬಿಸಿಲಿನ ನಾಡಿನಲ್ಲಿದ್ದೂ ಬೆಳಕಿನ ಬಡತನ ಬರುವುದು ಹೀಗೆ.

ಮೂರನೆಯ ಆಕ್ಷೇಪ ಸಂಪ್ರದಾಯದ ಕಡೆಯಿಂದ. ರಾತ್ರಿಯೆಲ್ಲ ಎಚ್ಚರವಿರುವುದು ಕೆಡುಕಾದರೆ, ತಲೆಮಾರುಗಳಿಂದ ಇಡೀ ರಾತ್ರಿ ಯಕ್ಷಗಾನ ಆಡಿದ, ನೋಡಿದ ಈ ಸೀಮೆ ಖಿನ್ನತೆಯಲ್ಲಿ ಮುಳುಗಬೇಕಿತ್ತಲ್ಲ? ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ನೋಡುಗನಿಗೆ ಅದು ವರ್ಷಕ್ಕೆ ನಾಲ್ಕೈದು ರಾತ್ರಿ. ನೇಮಕ್ಕೋ, ಉಪ್ಪಿನಂಗಡಿಯ ಕಂಬಳಕ್ಕೋ ಹೋದಂತೆಯೇ. ಅಪರೂಪದ ಎಚ್ಚರ ಮನಸ್ಸನ್ನು ಕೆಡಿಸುವುದಿಲ್ಲ, ಜನರ ನಡುವಿನ ಎಚ್ಚರ ಅದನ್ನು ಅರಳಿಸಲೂಬಹುದು. ಕಲಾವಿದನ ಪಾಡು ಬೇರೆ. ದೀಪಾವಳಿಯ ನಂತರ ಹೊರಟ ಮೇಳ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಆರು ತಿಂಗಳು, ಚೌಕಿಯಲ್ಲಿ ಬಣ್ಣ ಹಚ್ಚಿ ಬೆಳಗಿನ ಮಂಗಳದವರೆಗೆ ಕುಣಿದು, ಹಗಲು ಸಿಕ್ಕಲ್ಲಿ ಮಲಗುವ ಬದುಕು ಅದು. ಆ ಬದುಕಿನಲ್ಲೂ ಒಂದು ಕ್ರಮವಿತ್ತು: ದಿನವೂ ಅದೇ ಗಂಟೆಗೆ ಚೌಕಿ, ಅದೇ ಗಂಟೆಗೆ ನಿದ್ದೆ, ಸಂಗಡಿಗರೆಲ್ಲರದೂ ಒಂದೇ ಲಯ, ಮಳೆಗಾಲವಿಡೀ ಬಿಡುವು. ಈಗ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಬಂದಿವೆ. ಇದಕ್ಕಿಂತ ಹೆಚ್ಚು ಚಿಂತಿಸಬೇಕಾದ್ದು ಪದೇ ಪದೇ ಪಾಳಿ ಬದಲಾಗುವವರ ಬಗ್ಗೆ: ಶಿರಾಡಿ ಘಾಟಿಯಲ್ಲಿ ಒಂದು ರಾತ್ರಿ ಬಸ್ಸು ಓಡಿಸಿ ಮರುರಾತ್ರಿ ಮನೆಯಲ್ಲಿ ಮಲಗಲು ಹೆಣಗುವ ಚಾಲಕ, ಆಸ್ಪತ್ರೆಯ ನರ್ಸು, ಬೆಂಗಳೂರಿನ ರಾತ್ರಿ ಪಾಳಿಯಿಂದ ರಜೆಗೆ ಬಂದ ಮಗ. ಸುಳ್ಯ, ಪುತ್ತೂರಿನ ರಬ್ಬರ್ ತೋಟದ ಟ್ಯಾಪರ್ ಕೂಡ ತಲೆಗೆ ಹೆಡ್‌ಲೈಟ್ ಕಟ್ಟಿಕೊಂಡು ಬೆಳಗಿನ ಜಾವದಲ್ಲೇ ಮರಕ್ಕೆ ಕತ್ತಿ ಹಾಕುತ್ತಾನೆ, ಏಕೆಂದರೆ ಬಿಸಿಲೇರುವ ಮೊದಲು ಹಾಲು ಚೆನ್ನಾಗಿ ಇಳಿಯುತ್ತದೆ. ಆದರೆ ಅವನ ದಿನ ನಾಳೆಯೂ ಅದೇ ಗಂಟೆಗೆ ಶುರು, ಬೆಳಕು ಹರಿಯುವಾಗ ಅವನು ಬೆಳಕಿನಲ್ಲೇ ಇರುತ್ತಾನೆ. ಬೇಗ ಏಳುವುದು ಗಡಿಯಾರವನ್ನು ಮುರಿಯುವುದಿಲ್ಲ. ಮತ್ತೆ ಮತ್ತೆ ಹೊತ್ತು ಬದಲಿಸುವುದು ಮುರಿಯುತ್ತದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ಕೊಳೆರೋಗಕ್ಕೆ ಅಡಿಕೆ ಹೋದವನಿಗೆ, ಸಾಲದವನು ಬಾಗಿಲಿಗೆ ಬಂದವನಿಗೆ, ಗಂಡನ ಮನೆಯಲ್ಲಿ ನೋಯುವವಳಿಗೆ ಬೆಳಗಿನ ಬಿಸಿಲು ಕಾಯಿಸಿಕೊಳ್ಳಿ ಎನ್ನುವುದು ನೋವನ್ನು ಹಗುರ ಮಾಡಿದಂತಲ್ಲವೇ? ಅವರ ನೋವಿನ ಕಾರಣ ಸಾಲವೇ, ಹಿಂಸೆಯೇ. ಅದಕ್ಕೆ ಬೇಕಾದ್ದು ಸಾಲದ ಪರಿಹಾರ, ಕಾನೂನಿನ ರಕ್ಷಣೆ. ಇದನ್ನು ಯಾವ ಬೆಳಕೂ ಬದಲಿಸದು, ಬದಲಿಸುತ್ತದೆ ಎಂದರೆ ಅದು ಮೋಸ. ಆದರೆ ಕಷ್ಟ ಮನಸ್ಸಿಗೆ ಇಳಿಯುವ ದಾರಿಗಳಲ್ಲಿ ಹೊತ್ತೂ ಒಂದು. ಬೆಳೆ ಹೋದವನು ಮೊದಲು ಬಿಡುವುದು ತೋಟಕ್ಕೆ ಹೋಗುವುದನ್ನು. ನೊಂದವಳು ಮೊದಲು ಬಿಡುವುದು ಊಟದ ಹೊತ್ತನ್ನು, ನೆರೆಮನೆಯ ಮಾತನ್ನು. ಚಂದ್ರಶೇಖರನ್ ಮತ್ತು ಜಿ. ಮಾರಿಮುತ್ತು ಅವರ ಬಾವಲಿ ಪ್ರಯೋಗ ಇಲ್ಲಿ ನೆನಪಾಗಬೇಕು. ಮದುರೈ ಹತ್ತಿರದ ಕಗ್ಗತ್ತಲ ಗುಹೆಯಲ್ಲಿ ಪಂಜರದಲ್ಲಿಟ್ಟ ಬಾವಲಿಗಳು, ಸ್ವತಂತ್ರವಾಗಿ ಹಾರಿ ಹೋಗಿ ಬರುವ ತಮ್ಮ ಬಳಗದ ನಡುವೆ ಇದ್ದಾಗ ಸೂರ್ಯನನ್ನು ಕಾಣದೆಯೂ ಹೊರಗಿನ ಹೊತ್ತಿಗೆ ಸರಿಯಾಗಿ ನಡೆದವು. ಬಳಗವಿಲ್ಲದ ಗುಹೆಯಲ್ಲಿ ಅವುಗಳ ಲಯ ಹೊರಗಿನ ಹೊತ್ತಿನಿಂದ ಜಾರಿಹೋಯಿತು. 1981ರಲ್ಲಿ ಪ್ರಕಟವಾದ ಈ ಕೆಲಸ ಹೇಳುವುದು, ಜೊತೆಯವರೂ ಗಡಿಯಾರಕ್ಕೆ ಕೀಲಿ ಕೊಡುತ್ತಾರೆ ಎಂದು. ಮನುಷ್ಯರಲ್ಲಿ ಇದೇ ಎಳೆಯನ್ನು ಹಿಡಿದು ಪಿಟ್ಸ್‌ಬರ್ಗ್‌ನ ಎಲೆನ್ ಫ್ರ್ಯಾಂಕ್ ಬೈಪೋಲಾರ್ ರೋಗಿಗಳಿಗೆ ಏಳುವ, ಉಣ್ಣುವ, ಜನರನ್ನು ಕಾಣುವ, ಮಲಗುವ ಹೊತ್ತುಗಳನ್ನು ನಿಯಮಕ್ಕೆ ತರುವ ಚಿಕಿತ್ಸೆ ರೂಪಿಸಿದರು. ಆರಂಭದ ತಿಂಗಳುಗಳಲ್ಲಿ ಅದನ್ನು ಪಡೆದವರು ಮುಂದೆ ಹೆಚ್ಚು ಕಾಲ ಕಾಯಿಲೆ ಮರುಕಳಿಸದೆ ಇದ್ದರು ಎಂದು 2005ರಲ್ಲಿ ವರದಿಯಾಯಿತು. ಸಹಸ್ರಲಿಂಗೇಶ್ವರನ ಗಂಟೆ, ಮಸೀದಿಯ ಬಾಂಗ್, ಮೊದಲ ಬಸ್ಸಿನ ಹಾರ್ನು, ಹಾಲಿನ ಡೈರಿಗೆ ಹೋಗುವ ನೆರೆಯವರ ಕೂಗು ಇವೆಲ್ಲ ಒಂದು ಊರು ತನ್ನವರಿಗೆ ಕೊಡುವ ಕೀಲಿ. ಬಾಗಿಲು ಹಾಕಿಕೊಂಡು ಮಲಗಿದವರಿಗೆ ತಪ್ಪಿಹೋಗುವುದು ಈ ಕೀಲಿಯೇ. ಸಾಲ ತೀರುವವರೆಗೆ ಬದುಕಿರಲು, ಹೋರಾಡಲು, ವೈದ್ಯರ ಬಳಿ ಹೋಗಲು ಬೇಕಾದಷ್ಟು ತ್ರಾಣ ಬರಬೇಕಾದರೆ ನಿದ್ದೆಯೂ ಎಚ್ಚರವೂ ಮೊದಲು ನೆಟ್ಟಗಾಗಬೇಕು.

ಇಷ್ಟೂ ಪುರಾವೆಗಳ ತೀರ್ಪು ಹೀಗಿದೆ. ಹೊತ್ತಿನ ಚಿಕಿತ್ಸೆ ಮಾತ್ರೆಗೆ, ಮಾತಿನ ಚಿಕಿತ್ಸೆಗೆ ಬದಲಿಯಲ್ಲ. ಅವುಗಳ ಜೊತೆಯಲ್ಲಿ ಹೋಗಬೇಕಾದದ್ದು, ಈಗ ಬಹುಪಾಲು ಬಿಟ್ಟುಹೋಗಿರುವುದು. ಅದಕ್ಕೆ ಹೊಸ ಆಸ್ಪತ್ರೆ ಬೇಡ. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಅದರ ಹಾದಿಯಲ್ಲೇ ಬಂದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಅಲ್ಲಿ ಪ್ರತಿ ರೋಗಿಗೂ ಮೂರು ಪ್ರಶ್ನೆ ಸಾಕು: ಎಷ್ಟು ಗಂಟೆಗೆ ಏಳುತ್ತೀರಿ, ಬೆಳಗ್ಗೆ ಎಷ್ಟು ಹೊತ್ತು ಹೊರಗಿರುತ್ತೀರಿ, ರಾತ್ರಿ ಕೊನೆಯ ಬೆಳಕು ಎಷ್ಟು ಗಂಟೆಗೆ ಆರುತ್ತದೆ. ಇನ್ನು ಮುಂದೆ ಕಟ್ಟುವ ಆಸ್ಪತ್ರೆಗಳಲ್ಲಿ ಮನೋರೋಗಿಗಳ ವಾರ್ಡಿಗೆ ಪೂರ್ವದ ಕಿಟಕಿ ಇರಲಿ. ಆಶಾ ಕಾರ್ಯಕರ್ತೆಯರಿಗೆ ಕೊಡುವ ತರಬೇತಿಯಲ್ಲಿ ಬೆಳಗಿನ ಬೆಳಕಿಗೂ ಒಂದು ಪಾಠ ಸಿಗಲಿ. ಮೆಲಟೋನಿನ್ ಅನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳುವ ಅಭ್ಯಾಸ ನಿಲ್ಲಲಿ.

ಮನೆಯವರಿಗೂ ಒಂದು ಮಾತು. ನಿಮ್ಮಲ್ಲಿ ಯಾರಾದರೂ ಎರಡು ವಾರಗಳಿಂದ ಬೆಳಗಿನ ಜಾವಕ್ಕೇ ಎಚ್ಚೆತ್ತು ಕೂರುತ್ತಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಂತಿದ್ದರೆ ಅದನ್ನು ಸೋಮಾರಿತನ ಎನ್ನಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮರುದಿನ ಬೆಳಗ್ಗೆ, ಹೊತ್ತು ಮೂಡಿದ ಮೇಲೆ, ಅವರ ಕೈ ಹಿಡಿದು ಅಂಗಳಕ್ಕೆ ಕರೆತನ್ನಿ. ಮಳೆಯಿದ್ದರೆ ಜಗಲಿಯ ತುದಿಯಲ್ಲಿ ಕೂರಿಸಿ ಜೊತೆಗೆ ಕಾಪಿ ಕುಡಿಯಿರಿ. ನಾಳೆಯೂ ಅದೇ ಹೊತ್ತಿಗೆ ಬನ್ನಿ.